ಗುರುಮಲ್ಲಪ್ಪನ ಪವರು

ಅಂಗಡಿಯ ಹಳೇ ಲೆಡ್ಜರಿನಲ್ಲಿ
ಅವನೊಬ್ಬನಿಗೇ ಎರಡು ಪುಟ.
ಎಪ್ಪತ್ತೆರಡು, ಜುಲೈ: ಎರಡೂ ಕಣ್ಣು ಮೈನಸ್ ಎರಡೂವರೆ.
ಎಪ್ಪತ್ತೈದು: ನಾಲ್ಕು. ಬಾಕಿ ಹದಿನೆಂಟು ರೂಪಾಯಿ.
ಎಂಬತ್ತೊಂದು: ಆರೂಕಾಲು. ಕಡ್ಡಿ ಮುರಿದಿದೆ.
ಮೊದಲ ಸಾಲು ಅಬ್ಬಾನ ಕೈಬರಹ,
ಮಿಕ್ಕಿದ್ದೆಲ್ಲ ನನ್ನದು.

ಯುವರಾಜ ಕಾಲೇಜಿನ ಬಾಟನಿ ಲ್ಯಾಬಿನಲ್ಲಿ
ಇಬ್ಬರಿಗೆ ಒಂದೇ ಮೈಕ್ರೋಸ್ಕೋಪು.
ಕೊಳವೆಗೆ ಕಣ್ಣಿಟ್ಟರೆ ಅವನಿಗೆ ಕನ್ನಡಕ ಬೇಡ.
ತೆಗೆದು ಸ್ಟೂಲಿನ ಮೇಲಿಡುವನು,
ನೋಡಿ ಮುಗಿದ ಮೇಲೆ
ಅದೇ ಸ್ಟೂಲಿನ ಮೇಲೆ ಕೂರುವನು.
ವರ್ಷಕ್ಕೆ ಮೂರು ಸಲವಾದರೂ.
"ಮುನೀರಾ, ಬಿತ್ತು ಅಂತ ಹೇಳೋ ನಿಮ್ಮಪ್ಪಂಗೆ."
ಅಬ್ಬಾಗೆ ಗೊತ್ತಿತ್ತು.
ಕಡ್ಡಿ ಬಗ್ಗಿದ ರೀತಿಯೇ ಹೇಳುತ್ತದೆ,
ಬಿದ್ದದ್ದೋ ಕೂತದ್ದೋ.

ಬೆಳಗಿನ ಐದೂವರೆ. ಕುಕ್ಕರಹಳ್ಳಿ ಕೆರೆ.
ಕೈಯಲ್ಲಿ ಹಾರ್ಲಿಕ್ಸ್ ಬಾಟಲಿ,
ನನ್ನ ಹಲ್ಲುಜ್ಜುವ ಬ್ರಷ್ಷು, ಕೇಳದೆ ತಂದದ್ದು.
ತಾಯಮ್ಮ ಬಟ್ಟೆ ಒಗೆಯುವ ಕಲ್ಲಿನ ಬೆನ್ನು ತಿಕ್ಕಿ
ಕಂದು ಲೋಳೆಯನ್ನು ಬಾಟಲಿಗೆ ಇಳಿಸಿದ.
"ಕಲ್ಲನ್ನೇ ಒಗೆಯಾಕೆ ಬಂದ್ಯೇನಪ್ಪಾ?"
ಅವಳು ನಕ್ಕಳು, ನಾನೂ ನಕ್ಕೆ, ಅವನಿಗೆ ಕೇಳಿಸಲಿಲ್ಲ.
ಆಸಿಡ್ಡಿನಲ್ಲಿ ಕುದಿಸಿದ. ಅಂಗಿಗೆ ಏಳು ತೂತು.
ಲೋಳೆ ಸುಟ್ಟು ಉಳಿದದ್ದು ಬರೀ ಗಾಜು.
"ಗಾಜಿನ ಮನೆ ಕಟ್ಟಿಕೊಂಡಿರೋ ಪಾಚಿ ಕಣೋ ಇದು.
ಜೀವ ಹೋದ್ರೂ ಮನೆ ಹೋಗಲ್ಲ,
ತಳಕ್ಕಿಳಿದು ಕೂತಿರುತ್ತೆ."
ಬಗ್ಗಿ ನೋಡಿದೆ. ದೋಣಿಯಂಥದು.
ಮೈತುಂಬ ಗೆರೆ, ಒಂದರ ಪಕ್ಕ ಒಂದು,
ಯಾವ ಕೈಯೂ ಕೊರೆಯಲಾರದಷ್ಟು ಸಣ್ಣವು.
ಗಾಜು ಉಜ್ಜುವವನ ಮಗ ನಾನು.
ಹೊಟ್ಟೆಕಿಚ್ಚಾಯಿತು.

ಎರಡನೇ ವರ್ಷದ ಪರೀಕ್ಷೆಗೆ ನಾನು ಕೂರಲಿಲ್ಲ,
ಅಶೋಕ ರಸ್ತೆಯ ಗಲ್ಲಾದ ಹಿಂದೆ ಕೂತೆ.
ಅವನು ಕೆರೆಯ ಆಚೆ ದಡ ಹತ್ತಿ
ಮಾನಸಗಂಗೋತ್ರಿ ಸೇರಿದ.
ಡಾಕ್ಟರಾದ, ಜಪಾನಿಗೆ ಹೋದ, ಬಂದ, ಪ್ರೊಫೆಸರಾದ.
ಹುಡುಗರು ಚೀಟಿ ಹಿಡಿದು ಬರುವರು:
"ಜಿಎಂ ಸರ್ ಕಳಿಸಿದ್ರು. ಕಮ್ಮಿ ಮಾಡ್ತೀರಂತೆ."
ಹಾಗಂತ ನಾನು ಯಾವತ್ತೂ ಹೇಳಿರಲಿಲ್ಲ.
ಕಮ್ಮಿ ಮಾಡಿದೆ.

ಹೊಸದೊಂದು ಪಾಚಿ ಸಿಕ್ಕಾಗ
ಲ್ಯಾಟಿನ್ನಿನ ಬಾಲ ಹಚ್ಚಿ
ತಾಯಮ್ಮನ ಹೆಸರಿಟ್ಟ.
"ಬ್ರಷ್ಷು ಯಾರದಿತ್ತೋ?" ಅಂದೆ.
"ಕಲ್ಲು ಅವಳದು" ಅಂದ, ನಗಲಿಲ್ಲ.
ಹೇಳೋಣವೆಂದು ಪಡುವಾರಹಳ್ಳಿಯಲ್ಲಿ ಮನೆ ಹುಡುಕಿದನಂತೆ.
ಅವಳು ಹೋಗಿ ನಾಲ್ಕು ವರ್ಷವಾಗಿತ್ತು.

ಕೊನೆಯ ಸಲ ಬಂದಾಗ ಕಣ್ಣಿಗೆ ಪೊರೆ.
"ದೇವರಾಜ ಮಾರ್ಕೆಟ್ಟಿನ ಬಲ್ಬುಗಳಿಗೆಲ್ಲ
ರೆಕ್ಕೆ ಬಂದಿದೆ ಕಣೋ" ಅಂದ.
ಆಪರೇಷನ್ ಮಾಡಿಸು ಅಂದೆ.
ದಸರಾ ಆಗಲಿ ಅಂದ.
ದಸರಾ ಆಯಿತು.

ಶ್ರದ್ಧಾಂಜಲಿ ಸಭೆಯಲ್ಲಿ
ನೂರಾ ಹದಿನಾಲ್ಕು ಪ್ರಬಂಧ ಅಂದರು,
ಇಪ್ಪತ್ತಾರು ಮಂದಿಗೆ ಪಿಎಚ್.ಡಿ. ಅಂದರು.
ಹಿಂದಿನ ಸಾಲಿನಲ್ಲಿ ಕೂತಿದ್ದೆ.
ಸ್ಟೂಲಿನ ವಿಷಯ ಯಾರೂ ಎತ್ತಲಿಲ್ಲ.
ಹಾರ ಹಾಕಿದ ಫೋಟೋದಲ್ಲಿ
ಕನ್ನಡಕ ಕೊಂಚ ಎಡಕ್ಕೆ ವಾಲಿತ್ತು.
ಎದ್ದು ಹೋಗಿ, ಕಿವಿಯ ಹಿಂದೆ ಚೂರು ಬಗ್ಗಿಸಿ
ಸರಿಮಾಡೋಣವೆನಿಸಿತು.
ಫೋಟೋ ಅದು.

ಈಗ ಸಂಜೆ, ಗಿರಾಕಿಯಿಲ್ಲ.
ಸ್ಕ್ರೂಗಳ ಡಬ್ಬಿಯ ಕೆಳಗೆ ಅವನು ಕೊಟ್ಟ ಸ್ಲೈಡು,
ಮೂಲೆಯಲ್ಲಿ ಅವನ ಇರುವೆ ಸಾಲಿನ ಅಕ್ಷರ.
"ಇದರಲ್ಲಿ ಮುನ್ನೂರು ಮನೆ ಇವೆ, ಇಟ್ಕೋ" ಅಂದಿದ್ದ.
ನನ್ನ ಹತ್ತಿರ ಮೈಕ್ರೋಸ್ಕೋಪಿಲ್ಲ.
ಟ್ಯೂಬ್‌ಲೈಟಿಗೆ ಎತ್ತಿ ಹಿಡಿದೆ.
ಏನೂ ಕಾಣಲಿಲ್ಲ,
ನಡುವೆ ಒಂದು ಮಬ್ಬು, ಉಸಿರು ತಾಗಿದಂತೆ.

ಐವತ್ತು ವರ್ಷದ ಚಾಳಿ:
ಮಬ್ಬು ಕಂಡೊಡನೆ
ಬಲಗೈ ತಾನಾಗಿ ಬಟ್ಟೆಗೆ ಹೋಯಿತು.

ಒರೆಸಲಿಲ್ಲ.